ಕೌದಿಯ ಮೂಲೆಯಲ್ಲೊಂದು ಗಂಟು

ಇನ್ನೊಬ್ಬರ ತಪ್ಪು ಹೇಳುವುದೂ ಒಂದು ಕಲೆ ಎಂದು ನಮ್ಮ ಭೋಜ ಗ್ರಾಮದ ಹೆಂಗಸರಿಗೆ ಕಲಿಸಹೊರಟವಳು ನಾನೇ. ಆದ್ದರಿಂದ ಮುಂದೆ ನಡೆದದ್ದಕ್ಕೆ ಯಾರನ್ನೂ ದೂರುವಂತಿಲ್ಲ. (ನನ್ನವರನ್ನು ಸ್ವಲ್ಪ ದೂರಬಹುದು. ನಕ್ಕವರು ಅವರೊಬ್ಬರೇ.)

ಅಂಗನವಾಡಿಯ ಮಕ್ಕಳು ಮಧ್ಯಾಹ್ನ ಬರೀ ಚಾಪೆಯ ಮೇಲೆ ಮಲಗುತ್ತಾರೆಂದು ಓಣಿಯ ಹೆಂಗಸರೆಲ್ಲ ಸೇರಿ ಹಳೆಯ ಸೀರೆಗಳಿಂದ ದೊಡ್ಡದೊಂದು ಕೌದಿ ಹೊಲಿಯುತ್ತಿದ್ದೆವು. ಸೋಮವಾರದಿಂದ ನನ್ನ ಮಗಳೂ ಅಲ್ಲಿಗೆ ಹೋಗುವವಳು. ಮೂರು ವರ್ಷದ ಕೂಸು, ನನ್ನನ್ನು ಬಿಟ್ಟು ಎಲ್ಲಿಯೂ ಮಲಗಿದ್ದಿಲ್ಲ. ಆ ಚಿಂತೆಯಲ್ಲಿ ನನಗೇ ನಿದ್ದೆ ಇರಲಿಲ್ಲ.

ಮೊದಲ ದಿನವೇ ಯಾವ ಬಣ್ಣ ಎಲ್ಲಿ ಎಂದು ಜಗಳ. ಬೆಳಗಾವಿಯಲ್ಲಿ ಓದಿದವಳು, ಸುಮ್ಮನಿರಲಾದೀತೇ? ಒಂದು ಸಂವಿಧಾನವನ್ನೇ ಬರೆದು ಅಂಗನವಾಡಿಯ ಗೋಡೆಗೆ ಅಂಟಿಸಿದೆ. ತಪ್ಪು ಹೇಳುವ ಮೊದಲು ಒಂದು ಒಳ್ಳೆಯ ಮಾತು ಹೇಳಬೇಕು. ಕೇಳದೆ ಇನ್ನೊಬ್ಬರ ಹೊಲಿಗೆ ಬಿಚ್ಚಬಾರದು.

ಪಕ್ಕದ ಮನೆಯ ಸುಗಂಧಾ ವೈನಿ ಕೂಡಲೇ ಜಾರಿಗೆ ತಂದರು: "ನೀಲಮಾ, ನಿನ್ನ ಕೈಯಾಗಿನ ಬಳಿ ಭಾಳ ಚಂದ ಅದಾವ ನೋಡವಾ. ಹೊಲಿಗಿ ಮಾತ್ರ ಕುಂಟ ಎತ್ತು ನಡದಂಗ ಐತಿ."

"ಛಲೋ ಹೇಳಿದ್ರಿ ವೈನಿ," ಎಂದೆ, ಕಣ್ಣು ತುಂಬಿದ್ದರೂ. (ನಿಯಮ ನನ್ನದು.)

ಶುಕ್ರವಾರ ಕೌದಿ ಮುಗಿಯಿತು. ಕೊನೆಯ ಮೂಲೆ ಮುಚ್ಚಿದವರು ತಾರವ್ವ ಆಯಿ, ನಮಗೆಲ್ಲ ಸೂಜಿ ಹಿಡಿಯಲು ಕಲಿಸಿದ ಹಿರಿಯರು. ಬಿಸಿಲಿಗೆ ಹಾಕಲೆಂದು ಕೌದಿಯನ್ನು ಮನೆಗೆ ತಂದೆ. ಆ ಮೂಲೆಯಲ್ಲಿ ಗಟ್ಟಿಯಾದದ್ದೇನೋ ಕೈಗೆ ತಗುಲಿತು. ಗಂಟು! ಮಗಳ ತಲೆಗೆ ಒತ್ತಿದರೆ? ಕತ್ತರಿ ತಂದು ಬಿಚ್ಚಿದೆ. ಒಳಗೆ ಜೋಳದ ರೊಟ್ಟಿಯ ಚೂರು.

ರೊಟ್ಟಿ ಎಂದರೆ ಇರುವೆ, ಇರುವೆ ಎಂದರೆ ಮಗಳ ಕಿವಿ, ಕಿವಿ ಎಂದರೆ ದವಾಖಾನೆ. ನಿಂತಲ್ಲೇ ನನ್ನ ಬುದ್ಧಿ ಚಿಕ್ಕೋಡಿ ಮುಟ್ಟಿತ್ತು. ಚೂರನ್ನು ಎಸೆದೆ. ಮರುದಿನ ಬಿಚ್ಚಿದ ಮೂಲೆ ಹೊಲಿಸಲೆಂದು ಕೌದಿ ಒಯ್ದು, ಎಲ್ಲರೆದುರು ಹೇಳಿಯೂಬಿಟ್ಟೆ: "ಯಾರೋ ಉಂಡು ಬಿಟ್ಟ ರೊಟ್ಟಿ ಒಳಗ ಹೊಲದಾರ. ಕೂಸುಗಳಿಗೆ ಇರಿವಿ ಹತ್ತೂದಿಲ್ಲೇನ್ರಿ?"

ಮೊದಲು ಹೇಳಬೇಕಾದ ಒಳ್ಳೆಯ ಮಾತು ಮರೆತೇ ಹೋಗಿತ್ತು.

ತಾರವ್ವ ಆಯಿ ಕನ್ನಡಕ ತೆಗೆದರು. "ನಾನ ಇಟ್ಟೇನಿ ನೀಲಮಾ. ಕೌದಿ ಹಸದಿರಬಾರದು. ಅದರ ಹೊಟ್ಟಿ ತುಂಬಿಸಿದ್ರ, ಅದರ ಮ್ಯಾಲ ಮಲಗೂ ಕೂಸಿಗೆ ಊಟ ತಪ್ಪೂದಿಲ್ಲ."

ಸೂಜಿಯನ್ನು ದಾರದ ಉಂಡೆಗೆ ಚುಚ್ಚಿ, ಕೌದಿಯ ಮೇಲಿಟ್ಟು ಹೊರಟರು. ಉಳಿದವರೂ ಒಬ್ಬೊಬ್ಬರಾಗಿ ಎದ್ದರು. ಗೋಡೆಯ ಮೇಲಿನ ಎರಡನೆಯ ನಿಯಮ ಮಾತ್ರ ನನ್ನನ್ನೇ ನೋಡುತ್ತ ಉಳಿಯಿತು.

"ನಿನ್ನ ಕಾಯ್ದೆ ನಿನಗ ಹತ್ತೂದಿಲ್ಲೇನ?" ಎಂದು ನನ್ನವರು ನಕ್ಕದ್ದು, ಮನೆಗೆ ಬಂದು ಇದನ್ನು ಹೇಳಿದಾಗಲೇ.

ಭಾನುವಾರ ಬೆಳಿಗ್ಗೆ ಆಯಿಯ ಮನೆಗೆ ಹೋದೆ. ದಾರಿಯುದ್ದಕ್ಕೂ ಕಟ್ಟಿಕೊಂಡಿದ್ದ ಇರುವೆಯ ವಾದ ಹೊಸ್ತಿಲಲ್ಲೇ ಉದುರಿಹೋಯಿತು. "ತಪ್ಪಾತ್ರಿ ಆಯಿ. ಬಿಚ್ಚೂ ಮೊದಲ ನಿಮ್ಮನ್ನ ಕೇಳಬೇಕಿತ್ತು."

ಅವರು ಕನ್ನಡಕ ಏರಿಸಿಕೊಂಡು ನನ್ನನ್ನು ನೋಡಿದರು. "ಬಿಚ್ಚಿದಾಕಿನ ಅದರ ಹೊಟ್ಟಿ ತುಂಬಿಸಬೇಕು. ನಿನ್ನ ಕೈಲೆ ರೊಟ್ಟಿ ಬಡಕೊಂಡ ಬಾ."

ರೊಟ್ಟಿ! (ಮದುವೆಯಾಗಿ ಐದು ವರ್ಷವಾದರೂ ನನ್ನವರು ನನ್ನ ರೊಟ್ಟಿಯನ್ನು ಸಾರಿನಲ್ಲಿ ನೆನೆಹಾಕಿಯೇ ತಿನ್ನುವುದು.) ಆದರೂ ಬಡಿದೆ.

ಸಂಜೆ ಹೆಂಗಸರೆಲ್ಲ ಮತ್ತೆ ಕೂಡಿದರು. ನನ್ನ ರೊಟ್ಟಿ ಕೈಯಿಂದ ಕೈಗೆ ಹೋಯಿತು. ಯಾರೂ ನಗಲಿಲ್ಲ. ತಪ್ಪಿಗೆ ಮೊದಲು ಒಳ್ಳೆಯ ಮಾತು ಎಂಬ ನಿಯಮವನ್ನು ಎಲ್ಲರೂ ಶ್ರದ್ಧೆಯಿಂದ ಪಾಲಿಸುತ್ತಿದ್ದರು. ಮಾತು ಮಾತ್ರ ಯಾರಿಗೂ ಸಿಗಲೊಲ್ಲದು. ಸುಗಂಧಾ ವೈನಿ ಅದನ್ನು ಬೆರಳಿನಿಂದ ಬಡಿದು ನೋಡಿದರು. ಟಣ್ ಎಂದಿತು.

ಕೊನೆಗೆ ತಾರವ್ವ ಆಯಿ ಒಂದು ಚೂರು ಮುರಿದು (ಎರಡೂ ಕೈ ಬೇಕಾದವು) ಮೂಲೆಯೊಳಗಿಟ್ಟು, ಸೂಜಿಯನ್ನು ನನ್ನ ಕೈಗೆ ಕೊಟ್ಟರು.

"ಚಿಂತಿ ಬಿಡು ನೀಲಮಾ," ಎಂದರು ಗಂಭೀರವಾಗಿ. "ಇದನ್ನ ಇರಿವಿ ಮುಟ್ಟೂದಿಲ್ಲ."