ನನ್ನನ್ನು ಮುಳುಗಲು ಬಿಡದ ಊರು

ನನ್ನ ಎಡಗಾಲು ಚಿಕ್ಕಂದಿನಲ್ಲೇ ಪೋಲಿಯೋದಿಂದ ಸೊರಗಿದೆ. ಇದೇನೂ ಗುಟ್ಟಲ್ಲ. ತಾಯಲೂರಿನಲ್ಲಿ ನನ್ನ ಹೆಸರು ಗೊತ್ತಿಲ್ಲದವರಿಗೂ ನನ್ನ ಕಾಲು ಗೊತ್ತು. ಆದರೆ ಕೆರೆಯಲ್ಲಿ ಈಜು ಕಲಿತ ನಾನು ನೀರಿಗಿಳಿದರೆ ಮೀನು! ಇದನ್ನು ಮಾತ್ರ ಒಬ್ಬರೂ ನೆನಪಿಟ್ಟುಕೊಳ್ಳುವುದಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ನಾನು ಪಾಠ ಮಾಡುತ್ತಿದ್ದ ಹೈಸ್ಕೂಲಿಗೆ ಬಂದಿದ್ದ ಹಳೆಯ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಒಂದು ಚಿತ್ರ ನೋಡಿದೆ. ಎರಡೂ ಕಾಲಿಲ್ಲದ ಪರದೇಶದವನೊಬ್ಬ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದ ತಳದಲ್ಲಿ ಹಾಯಾಗಿ ತೇಲಾಡುತ್ತಿದ್ದ. ಸುತ್ತಲಿದ್ದ ಯಾವ ಮೀನೂ ಅವನನ್ನು ನೋಡಿ ‘ಪಾಪ’ ಎಂದಂತೆ ಕಾಣಲಿಲ್ಲ. ನಾನೂ ಹಾಗೇ ಮುಳುಗಬೇಕೆಂದು ಅಂದೇ ನಿಶ್ಚಯಿಸಿದೆ. ನಮ್ಮ ಕೋಲಾರ ಜಿಲ್ಲೆಯಲ್ಲಿ ಸಮುದ್ರವಿಲ್ಲ. ಅದು ನನ್ನ ತಪ್ಪಲ್ಲ!

ಅಷ್ಟರಲ್ಲಿ ನನ್ನ ಹೆಂಡತಿ ಲಲಿತೆಯ ತವರಿನ ಹಿತ್ತಾಳೆ ಕೊಡಪಾನ, ಹಗ್ಗ ಕಿತ್ತುಕೊಂಡು ಬೀದಿಯ ಬಾವಿಯ ತಳ ಸೇರಿತು.

“ಪಕ್ಕದ್ಮನೆ ಕೃಷ್ಣಪ್ಪನ್ನ ಕರೀತೀನಿ. ಒಂದ್ಸಲ ಮುಳುಗಿ ತಂದ್ಕೊಡ್ತಾನೆ” ಎಂದಳು.

“ಯಾಕೆ, ಮನೇಲಿ ನಾನಿಲ್ವೇನೇ?”

ಅವಳು ನನ್ನ ಕಾಲು ನೋಡಿದಳು. ಮುಖ ನೋಡಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಆ ಕೊಡಪಾನವನ್ನು ನಾನೇ ತರದಿದ್ದರೆ ಇನ್ನು ಆ ಮನೆಯಲ್ಲಿ ನನಗೇನು ಬೆಲೆ?

ನೇರವಾಗಿ ಸೈಕಲ್ ಶಾಪಿನ ಮುನಿವೆಂಕಟಪ್ಪನ ಬಳಿಗೆ ಹೋದೆ. ಚಿತ್ರದ ಸಂಗತಿಯನ್ನೆಲ್ಲ ವಿವರಿಸಿದೆ. ಅವನು ಉದ್ದನೆಯ ರಬ್ಬರ್ ಪೈಪಿನ ಒಂದು ತುದಿಗೆ ಸೈಕಲ್ ಪಂಪು ಜೋಡಿಸಿದ. ಇನ್ನೊಂದು ತುದಿ ನನ್ನ ಬಾಯಿಗೆ! ಪರದೇಶದವನಿಗೆ ಸಿಲಿಂಡರ್, ನನಗೆ ಮುನಿವೆಂಕಟಪ್ಪ.

ಭಾನುವಾರ ಬೆಳಿಗ್ಗೆ ಬಾವಿಯ ಕಟ್ಟೆಯ ಸುತ್ತ ಊರಿಗೆ ಊರೇ ಸೇರಿತು. ಸೇರಿದವರೆಲ್ಲ ಹಿತೈಷಿಗಳು! ಒಬ್ಬ ನನ್ನ ಸೊಂಟಕ್ಕೆ ಹಗ್ಗ ಬಿಗಿದ. ಇನ್ನೊಬ್ಬ ಬೆನ್ನಿಗೆ ಬೆಂಡು ಕಟ್ಟಿದ. ಎದೆಗೆ ಕೃಷ್ಣಪ್ಪ ಗಾಳಿ ತುಂಬಿದ ಟ್ಯೂಬು ತೊಡಿಸಿದ. ನನ್ನನ್ನು ಜೋಪಾನವಾಗಿ ಕೆಳಗಿಳಿಸಿದರು. ನೀರು ಸೇರಿದ ನಾನು ಮುಳುಗಲು ಸರ್ವಪ್ರಯತ್ನ ಮಾಡಿದೆ. ಮುಳುಗಲಿಲ್ಲ! ಲಕ್ಷಣವಾಗಿ ತೇಲಿಕೊಂಡೇ ಇದ್ದೆ.

“ಸಾರ್ ಎಷ್ಟು ಚೆನ್ನಾಗಿ ತೇಲ್ತಾರೆ ನೋಡ್ರೋ!” ಎಂದು ಮೇಲಿನಿಂದ ಚಪ್ಪಾಳೆ.

ಬೆಂಡನ್ನೂ ಟ್ಯೂಬನ್ನೂ ಕಿತ್ತೆಸೆದು, ಪೈಪು ಕಚ್ಚಿಕೊಂಡು ಮುಳುಗಿದೆ. ಪಂಪಿನ ಗಾಳಿ ಬಂತು, ಜೊತೆಗೆ ಪಂಕ್ಚರ್ ಸಲ್ಯೂಷನ್ನಿನ ವಾಸನೆಯೂ ಬಂತು. ಪರವಾಗಿಲ್ಲ ಎಂದು ಉಸಿರುಬಿಟ್ಟೆ. ಉಸಿರು ಬಿಟ್ಟರೆ ಗುಳ್ಳೆ ಬರಬೇಕಲ್ಲವೆ? ಬಂತು. ಆದರೆ ನಮ್ಮೂರಿನ ಶಾಸ್ತ್ರದ ಪ್ರಕಾರ ಬಾವಿಯಲ್ಲಿ ಗುಳ್ಳೆ ಬಂತೆಂದರೆ ಮನುಷ್ಯನ ಕತೆ ಮುಗಿಯಿತು!

“ಅಯ್ಯೋ ಪಾಪಂ! ಗುಳ್ಳೆ ಬಂತು! ಲಾಗಂಡ್ರಾ! ಎಳೀರ್ರೋ!” ಎಂದು ಒಬ್ಬ ಅಜ್ಜಿ ತೆಲುಗು ಕನ್ನಡ ಎರಡರಲ್ಲೂ ಕೂಗಿದಳು.

ಹತ್ತಾರು ಕೈಗಳು ಹಗ್ಗ ಎಳೆದವು. ನಾನು ಗೋಡೆಗೆ ಉಜ್ಜಿಕೊಂಡು ಕಟ್ಟೆಯ ಮೇಲಕ್ಕೆ ಬಂದುಬಿದ್ದೆ. ಬೈದೆ. ಮತ್ತೆ ಇಳಿದೆ. ಮತ್ತೆ ಉಸಿರುಬಿಟ್ಟೆ. ಮತ್ತೆ ಎಳೆದರು! ಈ ಸಲ ಮುನಿವೆಂಕಟಪ್ಪನೂ ಪಂಪು ಬಿಸಾಕಿ ಎಳೆಯುವವರ ಜೊತೆ ಸೇರಿದ್ದ.

“ನೀನ್ಯಾಕೋ ಎಳ್ದೆ?”

“ಎಲ್ರೂ ಎಳೀತಿದ್ರು ಸಾರ್. ನಾನೊಬ್ಬ ಸುಮ್ನಿದ್ರೆ ಏನಂದ್ಕೊಳ್ತಾರೆ?”

ನನ್ನ ಪಿತ್ತ ನೆತ್ತಿಗೇರಿತು. ಒದ್ದೆ ಚಡ್ಡಿಯಲ್ಲೇ ಕಟ್ಟೆಯ ಮೇಲೆ ನಿಂತು ಸಮಸ್ತ ಗ್ರಾಮಸ್ಥರನ್ನುದ್ದೇಶಿಸಿ ಭಾಷಣ ಮಾಡಿದೆ. “ಕುಂಟೋದು ನನ್ನ ಕಾಲು, ನನ್ನ ಬುದ್ಧಿ ಅಲ್ಲ! ನಾನಾಗಿ ಬಾಯಿಬಿಟ್ಟು ಕೇಳೋವರೆಗೂ ಒಬ್ರೂ ನಂಗೆ ಸಹಾಯ ಮಾಡಕೂಡ್ದು! ತಿಳೀತಾ?”

ಎಲ್ಲರೂ ತಲೆಯಾಡಿಸಿದರು. ಲಲಿತೆಯೂ ಆಡಿಸಿದಳು.

ಸೊಂಟದ ಹಗ್ಗ ಬಿಚ್ಚಿ, ಅದನ್ನೇ ಹಿಡಿದು ಇಳಿದೆ. ಪೈಪಿನ ಸಹವಾಸವೇ ಬೇಡವೆಂದು ಎದೆ ತುಂಬ ಉಸಿರೆಳೆದುಕೊಂಡು, ಹಗ್ಗದ ತುದಿಯನ್ನು ಕೈಯಲ್ಲಿ ಹಿಡಿದು ಮುಳುಗಿದೆ. ಆಹಾ! ನೆಲದ ಮೇಲೆ ನಾನು ಎಳೆದುಕೊಂಡು ತಿರುಗುವ ಆ ಕಾಲಿಗೆ ಅಲ್ಲಿ ಭಾರವೇ ಇರಲಿಲ್ಲ. ಎರಡು ಕಾಲುಗಳಲ್ಲಿ ಯಾವುದು ಸೊರಗಿದ್ದು ಎಂಬುದೇ ನನಗೆ ಮರೆತುಹೋಯಿತು. ಅಷ್ಟು ಸಂತೋಷ ನನಗೆ ಹಿಂದೆಂದೂ ಆಗಿರಲಿಲ್ಲ. ಕೆಸರಿನಲ್ಲಿ ಕೈಯಾಡಿಸಿದಾಗ ಕೊಡಪಾನ ಸಿಕ್ಕಿತು. ಅದರ ಕುತ್ತಿಗೆಗೆ ಹಗ್ಗ ಬಿಗಿದು ಮೇಲೆ ಬಂದು, “ಎಳೀರಿ!” ಎಂದು ಗರ್ಜಿಸಿದೆ.

ಎಳೆದರು. ಕೊಡಪಾನ ಹೋಯಿತು. ಅದರ ಜೊತೆ ಹಗ್ಗವೂ ಹೋಯಿತು.

ಮೇಲೆ ಒಂದೇ ಜೈಕಾರ. ನಾನು ಗೋಡೆಯಿಂದ ಚಾಚಿದ್ದ ಕಲ್ಲೊಂದನ್ನು ಹಿಡಿದುಕೊಂಡು ಕಾದೆ. ಹತ್ತಲು ಕಲ್ಲುಗಳೇನೋ ಇದ್ದವು, ಆದರೆ ಒಂದರಿಂದ ಇನ್ನೊಂದಕ್ಕೆ ನನ್ನ ಕಾಲು ನಿಲುಕುವಂತಿರಲಿಲ್ಲ. ಹಗ್ಗ ವಾಪಸು ಬರಲಿಲ್ಲ. ಕಟ್ಟೆಯ ಸುತ್ತ ತಲೆಗಳು ಇಣುಕಿದವು. ಕೃಷ್ಣಪ್ಪ ಶಿಸ್ತಾಗಿ ಕೈಕಟ್ಟಿ ನಿಂತಿದ್ದ.

“ರೀ, ಏನಾದ್ರೂ ಬೇಕಿತ್ತಾ?” ಎಂದು ಲಲಿತೆ ಕೇಳಿದಳು. ಈ ಸಲ ನನ್ನ ಮುಖವನ್ನೇ ನೋಡುತ್ತಿದ್ದಳು.

“ಏನೂ ಬೇಡ!”

“ಸರಿ ಹಾಗಾದ್ರೆ. ನಾನ್ಹೋಗಿ ಅಡಿಗೆ ನೋಡ್ತೀನಿ.”

ನಿಜವಾಗಿಯೂ ಹೋದಳು! ನಾನು ಸ್ವಲ್ಪ ಹೊತ್ತು ಬಾವಿಯ ಕಲ್ಲುಕಟ್ಟಡದ ಸೊಬಗನ್ನು ಪರಿಶೀಲಿಸುತ್ತಿರುವವನಂತೆ ನಟಿಸಿದೆ. ತುಟಿ ನೀಲಿಯಾಯಿತು. ಹಲ್ಲು ಕಟಕಟ ಎಂದವು. ಕೊನೆಗೆ, ಯಾರಿಗೂ ಕೇಳಿಸದಷ್ಟು ಮೆಲ್ಲಗೆ, ಮುನಿವೆಂಕಟಪ್ಪನಿಗೆ ಮಾತ್ರ ಎಂಬಂತೆ, “ಸ್ವಲ್ಪ ಎತ್ಕೊಳ್ಳಪ್ಪಾ” ಎಂದೆ.

ಬಾವಿ ತಾನೇ? ನಾನು ಒಂದು ಸಲ ಅಂದದ್ದನ್ನು ಅದು ಇಡೀ ಊರಿಗೆ ಮೂರು ಸಲ ಕೇಳಿಸಿತು.