ಹಗೇವಿನ ಮ್ಯಾಲಿನ ಕರ

ಮನಿ ಕರ ಕಟ್ಟಬೇಕು, ಅದಕ್ಕ ನನ್ನ ತಕರಾರಿಲ್ಲ. ಆದ್ರ ನಮ್ಮ ಬೈಲಹೊಂಗಲದಾಗ ಕರ ಕಟ್ಟಾಕ ಹೋದವ ನಕ್ಕೋತ ಮನಿಗಿ ಬಂದದ್ದು ನಾ ನೋಡಿಲ್ಲ. ರಾಮದುರ್ಗದ ಬಸ್ಸಿನ್ಯಾಗ ಚಿಲ್ಲರೆ ಸಲುವಾಗಿ ದಿನಾ ಬೈಸಿಕೊಳ್ಳೂ ಕಂಡಕ್ಟರ್ ನಾ. ನನ್ನ ತಾಳ್ಮಿನೂ ಅಲ್ಲಿ ಮುಗದಹೋತು.

೧. ಪರವಾನಗಿ

ನಿಮ್ಮ ಮನಿ ನೀವ ಅಳೀರಿ, ನಿಮ್ಮ ಕರ ನೀವ ಬರೀರಿ ಅನ್ನೂ ಹೊಸಾ ಪದ್ಧತಿ ಆಗಷ್ಟ ಬಂದಿತ್ತು. ಕರ ತುಂಬಿದ ಪಾವತಿ ತೋರಿಸಿದ್ರಷ್ಟ ಮನಿಗಿ ನಳ. ನಮ್ಮವ್ವ ಎಪ್ಪತ್ತರ ವಯಸ್ಸಿನ್ಯಾಗ ಓಣಿ ತುದಿಯಿಂದ ಕೊಡಾ ಹೊತ್ತು ತರತಿದ್ಲು. ಹಿಂಗಾಗಿ ನಾ ಎಲ್ಲಾರಕಿಂತ ಮೊದಲ ಫಾರ್ಮ್ ತುಂಬಿ ಪುರಸಭಾಕ್ಕ ಒಯ್ದೆ.

"ಮನಿ ಯಾವಾಗಿಂದರಿ?" ಅಂದ ಗುಮಾಸ್ತ.

"ನಮ್ಮಜ್ಜನ ಅಪ್ಪ ಕಟ್ಟಿಸಿದ್ದು."

"ಕಟ್ಟೂ ಪರವಾನಗಿ?"

"ಅವಾಗ ನಿಮ್ಮ ಪುರಸಭಾನ ಇರಲಿಲ್ಲಲ್ರೀ ಮಾರಾಯ್ರ!"

ಅಂವ ತಲಿ ಎತ್ತದ ಬರಕೊಂಡ: 'ಅನಧಿಕೃತ ಕಟ್ಟಡ.'

೨. ಎರಡಂತಸ್ತು

ಎಂಟು ದಿನಕ್ಕ ಅದ ಗುಮಾಸ್ತ ಟೇಪು ಹಿಡಕೊಂಡು ಮನಿಗಿ ಬಂದ. ಪಡಸಾಲ್ಯಾಗ ಒಂದು ಕಲ್ಲಿನ ಮುಚ್ಚಳಾ ಎಡವಿದ.

"ಇದೇನ್ರಿ?"

"ಹಗೇವು. ಹಿಂದಕ ನೆಲದಾಗ ಜ್ವಾಳಾ ತುಂಬಿಡತಿದ್ವಿ. ಈಗ ಖಾಲಿ ಐತಿ."

"ಸುತ್ತ ಗ್ವಾಡಿ ಐತಿ?"

"ಐತಿ."

"ಮ್ಯಾಲ ಛಾವಣಿ?"

"ನೀವು ನಿಂತದ್ದ ಅದರ ಮ್ಯಾಲ."

"ಹಂಗಾದ್ರ ಕೆಳಗಿನ ಅಂತಸ್ತು!"

ಉರದಹೋತು ನನಗ. ಮಹಡಿ ಮ್ಯಾಲ ಮಹಡಿ ಏರಿಸಿದವ್ರು ತಗಡಿನ ಶೆಡ್ಡು ಅಂತ ಬರಸ್ಯಾರ. ಮಳಿ ಬಂದ್ರ ಸೋರೂ ಮಣ್ಣಿನ ಮಾಳಿಗಿ ನಮ್ದು, ಎರಡಂತಸ್ತಿನ ಬಂಗ್ಲೆ ಆತು!

೩. ಬಾಡಿಗಿದಾರರು

"ಕೆಳಗ ಯಾರರ ಇರತಾರೇನ್ರಿ?" ಅಂತ ಅಂವ ಅವ್ವನ ಕೇಳಿದ. ಅವ್ವಗ ಪಿತ್ತ ನೆತ್ತಿಗೇರಿತ್ತು.

"ಹೆಗ್ಗಣದ ಸಂಸಾರ ಐತಪಾ."

"ಎಷ್ಟು ವರ್ಷಾತು?"

"ನಾಕು."

"ಬಾಡಿಗಿ?"

"ಕೊಡೂದಿಲ್ಲ, ಮ್ಯಾಲ ಬಂದು ನಮ್ಮ ಚೀಲದಾಗಿನ ಜ್ವಾಳಾನ ತಿಂತಾವು."

ಫಾರ್ಮಿನ್ಯಾಗ ಖಾಲಿ ಜಾಗಾ ತುಂಬೂದಷ್ಟ ಅವಂಗ ಗೊತ್ತು. ಹದಿನೈದು ದಿನಕ್ಕ ನೋಟೀಸ್ ಬಂತು. ಕೆಳಗಿನ ಅಂತಸ್ತಿನ್ಯಾಗ ಬಾಡಿಗಿದಾರರು ಇರೂದ್ರಿಂದ ಹೆಚ್ಚಿನ ದರ, ತುಂಬೂತನಕಾ ನಳ ಇಲ್ಲ!

೪. ವಸೂಲಿ

ಮರುದಿನ ಅವ್ವ ತಾನ ಸೆರಗು ಸಿಗಸಿಕೊಂಡು ನಡದ್ಲು. ನಾ ಹಿಂದಿಂದ ಓಡಿದೆ. ಕಚೇರ್ಯಾಗ ಪಾಳಿ ಹಚ್ಚಿದವ್ರನ್ನೆಲ್ಲಾ ಸರಿಸಿ ರೊಕ್ಕಾ ಗುಮಾಸ್ತನ ಮೇಜಿನ ಮ್ಯಾಲ ಇಟ್ಲು.

"ತಮ್ಮಾ, ಇದು ಮ್ಯಾಲಿನ ಮನೀದು, ನಮ್ದು. ಕೆಳಗಿನವರದು ನೀನ ವಸೂಲಿ ಮಾಡ್ಕೋ. ಹಗೇವಿನ ಮುಚ್ಚಳಾ ತಗದ ಇಟ್ಟ ಬಂದೇನಿ, ಇಳದು ಕೇಳು. ಹೆಗ್ಗಣ ಕರ ಕಟ್ಟಲಿಲ್ಲಂತ ನನ್ನ ಕಡಿಂದ ನೀರು ಹೊರಸತಿ? ಇವತ್ತ ನಳದ ಅರ್ಜಿಗಿ ಸಿಕ್ಕಾ ಹೊಡೀದಿದ್ರ, ನಾಳಿ ಬೋನಿನ್ಯಾಗ ಹಿಡದು ತಂದು ಈ ಮೇಜಿನ ಮ್ಯಾಲ ಬಿಡತೇನಿ. ನೀನೂ ಅದೂ ಲೆಕ್ಕಾ ಮಾಡ್ಕೊಂಡು ಕುಂಡ್ರರಿ!"

ಪಾಳಿಗೆ ಪಾಳಿನ ಬಿದ್ದು ಬಿದ್ದು ನಕ್ಕಿತು. ಗುಮಾಸ್ತ ಕೆಂಪಗಾಗಿ ಕೆಳಗಿನ ಅಂತಸ್ತಿಗೆ ಗೀಟು ಹೊಡದ, ನಳದ ಅರ್ಜಿಗಿ ಸಿಕ್ಕಾ ಒತ್ತಿದ. ಗೀಟು ಹೊಡದದ್ದಕ್ಕ ಕಾರಣ ಬರೀಬೇಕಲ್ಲ? ಪೆನ್ನು ಕಚ್ಚಿ ವಿಚಾರ ಮಾಡಿ ಬರದ:

'ಬಾಡಿಗೆದಾರರು ಮನೆ ಖಾಲಿ ಮಾಡಿರುತ್ತಾರೆ.'