ಪಂಪಾಪತಿಗೊಂದು ಸೋಲು ಬೇಕಾಗಿತ್ತು

ಬೆಳಿಗ್ಗೆ ಲಿಂಗಸೂಗೂರಿನಲ್ಲಿ ಸಿಂಧನೂರು ಬಸ್ ಹತ್ತಿದ ಪಂಪಾಪತಿಗೆ ಅಂದು ಯಾರೂ ಸೀಟು ಹಿಡಿದಿರಲಿಲ್ಲ. ಅವನು ದಿನಾ ಕೂರುವ ಕಿಟಕಿ ಪಕ್ಕದ ಜಾಗದಲ್ಲಿ ನರ್ಸ್ ಶಂಶಾದ್‌ಬೀ ಅವರ ಊಟದ ಚೀಲ ಮನೆ ಯಜಮಾನನಂತೆ ಕಾಲುಚಾಚಿ ಕೂತಿತ್ತು.

“ಆಪಾ, ಸ್ವಲ್ಪ ಚೀಲ ತೆಗೀರಿ.”

“ನಿನ್ನೆ ಸಂಜಿಗೆ ನನ್ನ ಗುರುಗುಂಟಾ ಟೀಮಿಗೆ ಒಂದು ರನ್ನೂ ಕೊಡಲಾರದಂಗ ಬಡದು ಹಾಕಿ, ಈಗ ಆಪಾ ಅಂತೀಯೇನು? ನಿಂತ್ಕೊಂಡು ಬಾ.”

ಎಲ್ಲಕ್ಕೂ ಕಾರಣ ಬೇಸ್‌ಬಾಲು. ಆ ಬಸ್ಸಿನಲ್ಲಿ ದಿನವೂ ಕೆಲಸಕ್ಕೆ ಹೋಗಿ ಬರುವ ಮಂದಿ ಮೊದಲು ಫೋನಿನಲ್ಲಿ ಕ್ರಿಕೆಟ್ ಟೀಮು ಕಟ್ಟಿ ಆಡುತ್ತಿದ್ದರು. ಕ್ರಿಕೆಟ್ಟು ಎಲ್ಲರಿಗೂ ಗೊತ್ತಿರುವ ಆಟವಾದ್ದರಿಂದ ಎಲ್ಲರೂ ಜಗಳಾಡಿದರು. ಆಗ ಸಿಂಧನೂರಿನ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಪಾಠ ಮಾಡುವ ಬಸ್ಸಪ್ಪ ಸರ್ ಯಾರಿಗೂ ಗೊತ್ತಿಲ್ಲದ ಬೇಸ್‌ಬಾಲನ್ನು ಹುಡುಕಿ ತಂದರು. ಮೈದಾನವಿಲ್ಲ, ಚೆಂಡಿಲ್ಲ, ಬೆವರೂ ಇಲ್ಲ. ಆಟಗಾರರನ್ನು ಹೆರುವುದು ಕಂಪ್ಯೂಟರು. ಅವರಲ್ಲಿ ಬೇಕಾದವರನ್ನು ಆರಿಸಿ ಹೆಸರಿಟ್ಟು, ಯಾರು ಎಲ್ಲಿ ನಿಲ್ಲಬೇಕೆಂದು ಹೇಳಿ, ಬೇಕೆನಿಸಿದರೆ ತಮ್ಮತಮ್ಮಲ್ಲೇ ಅದಲುಬದಲು ಮಾಡಿಕೊಳ್ಳುವುದಷ್ಟೇ ಟೀಮಿನ ಮಾಲೀಕರ ಕೆಲಸ. ಸಂಜೆ ಆರಕ್ಕೆ ಕಂಪ್ಯೂಟರು ತಾನೇ ಆಡಿ, ತಾನೇ ಗೆದ್ದು, ತಾನೇ ಸೋಲುತ್ತಿತ್ತು. ಕಾಯಿದೆ ಒಂದೇ: ಬಸ್ಸು ಬಿಟ್ಟವರು ಲೀಗೂ ಬಿಡಬೇಕು.

ಪಂಪಾಪತಿಯ ಪಾಲಿಗೆ ಬಂದದ್ದು ‘ಮುದಗಲ್ ಕಿಲ್ಲೆ’ ಎಂಬ ಟೀಮು. ಚೆಂಡು ಒಗೆಯುವವನಿಗೆ ಈ ಆಟದಲ್ಲಿ ಪಿಚ್ಚರ್ ಅನ್ನುತ್ತಾರೆಂದು ತಿಳಿದಾಗ ಟಾಕೀಸಿನ ಪಿಚ್ಚರ್ ಬಿಟ್ಟು ಬೇರೆ ಕಂಡಿರದ ಅವನು ಗಾಬರಿಯಾಗಿದ್ದ. ಹೆಂಡತಿ ಜ್ಯೋತಿಯ ಮಾತಿಗೆ ಕಟ್ಟುಬಿದ್ದು ಆ ಪಿಚ್ಚರಿಗೆ ಮಾವ ಆದಪ್ಪನ ಹೆಸರಿಟ್ಟ. ಅಲ್ಲಿಂದ ಶುರುವಾಯಿತು. ಫೋನಿನ ಆದಪ್ಪ ಒಗೆದ ಚೆಂಡು ಯಾರ ಬ್ಯಾಟಿಗೂ ಸಿಗದು. ಮುದಗಲ್ ಗೆದ್ದಿತು, ಮತ್ತೆ ಗೆದ್ದಿತು, ಕಡೆಗೆ ಗೆಲ್ಲುವುದನ್ನು ನಿಲ್ಲಿಸುವುದು ಹೇಗೆಂದೇ ಅದಕ್ಕೆ ತಿಳಿಯದಾಯಿತು. ಈ ಸೀಸನ್ನಿನಲ್ಲಂತೂ ಒಂದೂ ಸೋಲಿಲ್ಲ. ಅಂದು ಸಂಜೆಯದೊಂದು ಆಟ ಗೆದ್ದರೆ ಲೀಗಿನ ಚರಿತ್ರೆಯಲ್ಲೇ ದಾಖಲೆ.

“ದಾಖಲೆ ಅಲ್ರೀ ಅದು, ಲೀಗಿನ ತಿಥಿ,” ಎಂದರು ಬಸ್ಸಪ್ಪ ಸರ್. “ಸಮತೋಲನ ಅನ್ನೋದೊಂದು ಇರತೈತಿ. ತಕ್ಕಡಿ ಒಂದ್ ಕಡಿ ಆನಿ ಕುಂತ್ರ ಇನ್ನೊಂದ್ ಕಡಿ ಇಲಿ ಏನ್ ಮಾಡ್ಬೇಕು? ಸೋತವರಿಗೆ ಹೊಸ ಆಟಗಾರರನ್ನ ಮೊದಲು ಆರಿಸಾಕ ಬಿಟ್ಟೆ. ಉಳಿದ ಕಸ ನಿನಗ ಕೊಟ್ಟೆ. ಆ ಕಸಾನೂ ನಿನ್ನ ಕೈಯಾಗ ಬಂಗಾರ ಆತು!”

“ನಾ ಏನೂ ಮಾಡಿಲ್ರಿ ಸರ್. ಫೋನ್ ಚಾರ್ಜಿಗೆ ಇಟ್ಟು ಮಲಗ್ತೀನಿ ಅಷ್ಟ.”

“ಏನೂ ಮಾಡದ ಗೆಲ್ಲೋದು ಇನ್ನೂ ದೊಡ್ಡ ಅಪಮಾನ,” ಎಂದರು ಶಂಶಾದ್‌ಬೀ.

ಮಸ್ಕಿಯಲ್ಲಿ ಅಂಬಪ್ಪ ಸಾಹೇಬರು ಹತ್ತಿದಾಗ ಪಂಪಾಪತಿ ಅಂಗಿ ಸರಿಮಾಡಿಕೊಂಡು ನೆಟ್ಟಗೆ ನಿಂತ. ಸಿಂಧನೂರಿನ ಬೀಜದ ಕಂಪನಿಯಲ್ಲಿ ಅವರು ಮ್ಯಾನೇಜರು, ಇವನು ಅವರ ಕೈಕೆಳಗಿನ ಗುಮಾಸ್ತ. ಕಂಪನಿ ಲಿಂಗಸೂಗೂರಿನಲ್ಲಿ ಹೊಸ ಅಂಗಡಿ ತೆರೆಯುತ್ತಿತ್ತು. ಅಲ್ಲಿಗೆ ವರ್ಗ ಮಾಡಿಸಿಕೊಂಡರೆ ಮಧ್ಯಾಹ್ನ ಮನೆಗೆ ಹೋಗಿ ಬಿಸಿ ರೊಟ್ಟಿ ತಿನ್ನಬಹುದು, ಬಸ್ಸಿನ ಧೂಳು ಕುಡಿಯುವುದು ತಪ್ಪುತ್ತದೆ ಎಂದು ಪಂಪಾಪತಿ ಅರ್ಜಿ ಹಾಕಿ ಕಾಯುತ್ತಿದ್ದ. ಸಾಹೇಬರೂ ಲೀಗಿನಲ್ಲಿದ್ದರು. ಅವರ ‘ಜವಳಗೇರಾ ಟ್ರ್ಯಾಕ್ಟರ್’ ಟೀಮು ಕೆಸರಲ್ಲಿ ಹೂತ ಟ್ರ್ಯಾಕ್ಟರಿನಂತೆ ಸೀಸನ್ನಿಡೀ ಒಂದೂ ಆಟ ಗೆದ್ದಿರಲಿಲ್ಲ. ಸಂಜೆಯ ಕೊನೆಯ ಆಟ ಇವರಿಬ್ಬರ ನಡುವೆಯೇ.

ಸಾಹೇಬರು ಅವನ ಮುಖ ನೋಡದೆ ಹೇಳಿದರು: “ನಿನ್ನ ಲಿಂಗಸೂಗೂರು ವಿಷಯ ಸಂಜಿಗೆ ಹೇಳ್ತೀನಿ. ಆಟ ಒಂದು ಮುಗೀಲಿ.”

ಪಂಪಾಪತಿಗೆ ಎಲ್ಲ ಅರ್ಥವಾಯಿತು. ಸೋಲಬೇಕು. ಸೋತರೆ ಬಿಸಿ ರೊಟ್ಟಿ.

ಆಫೀಸಿನಲ್ಲಿ ಬೀಜದ ಚೀಲಗಳ ಮರೆಗೆ ಕೂತು ಅವನು ಫೋನು ತೆರೆದ. ಚೆಂಡು ಹಿಡಿಯುವವನನ್ನು ಒಗೆಯಲು ಹಾಕಿದ, ಓಡುವವನನ್ನು ಹಿಡಿಯಲು ಹಾಕಿದ, ಚೆನ್ನಾಗಿ ಹೊಡೆಯುವವರನ್ನೆಲ್ಲ ಮನೆಗೆ ಕಳಿಸಿದ. ಮುದಗಲ್ ಗೆಲ್ಲುವುದು ಬಹುತೇಕ ಖಚಿತ ಎಂದೇ ಫೋನು ಭವಿಷ್ಯ ಹೇಳಿತು. ಒಂಬತ್ತು ಮಂದಿಯನ್ನೂ ತಲೆಕೆಳಗು ಮಾಡಿದ. ಗೆಲ್ಲುವುದು ಇನ್ನೂ ಖಚಿತವಾಯಿತು! ಬೇಸ್‌ಬಾಲು ತಿಳಿಯದವನಿಗೆ ಗೆಲ್ಲುವುದು ಸುಲಭ, ಸೋಲಲು ಮಾತ್ರ ವಿದ್ಯೆ ಬೇಕೆಂದು ಅವನಿಗೆ ಆಗ ಹೊಳೆಯಿತು.

ಕಡೆಗೆ ಎದೆ ಗಟ್ಟಿ ಮಾಡಿಕೊಂಡು ಆದಪ್ಪನನ್ನೇ ಜವಳಗೇರಾಕ್ಕೆ ಕೊಟ್ಟು, ಬದಲಿಗೆ ಅವರ ಸಿದ್ದರಾಮೇಶ ಎಂಬವನನ್ನು ಕೇಳಿದ. ಕೈಗೆ ಬಂದ ಚೆಂಡನ್ನೆಲ್ಲ ನೆಲಕ್ಕೆ ಬಿಡುವುದರಲ್ಲಿ ಈ ಸಿದ್ದರಾಮೇಶನದು ಎತ್ತಿದ ಕೈ. ಕ್ಷಣ ಕಳೆಯುವಷ್ಟರಲ್ಲಿ ಒಳಗಿನ ಕೋಣೆಯಿಂದ ಸಾಹೇಬರ ಕೂಗು ಕೇಳಿತು: “ಅರೆ ವ್ಹಾ! ಹೊಡದೆ ನೋಡು ಡೀಲು!”

ಸುದ್ದಿ ಎಲ್ಲರ ಫೋನಿಗೂ ತಾನಾಗಿಯೇ ಹೋಯಿತು. ಶಂಶಾದ್‌ಬೀ ಅವರ ಬಾಯಿಂದ ಅದು ಜ್ಯೋತಿಯ ಕಿವಿಗೂ ತಲುಪಿತು.

“ನಮ್ಮಪ್ಪನ್ನ ಕೊಟ್ಟುಬಿಟ್ರಂತ?” ಅವಳು ಫೋನು ಮಾಡಿ ಕೇಳಿದಳು. “ನನಗ ಒಂದ್ ಮಾತು ಕೇಳ್ಬೇಕು ಅನ್ಸಲಿಲ್ಲೇನು?”

“ಜ್ಯೋತಿ, ನಿನ್ನ ಸಲುವಾಗೇ ಮಾಡೀನಿ. ವರ್ಗ ಆಗತೈತಿ.”

“ವರ್ಗ ಆಗ್ಲಿ ಬಿಡ್ಲಿ, ಅಪ್ಪನ್ನ ಕೊಟ್ಟ ಮನಿಯಾಗ ಇವತ್ತ ಒಲಿ ಹತ್ತೂದಿಲ್ಲ.”

ಅವಳು ಇಟ್ಟ ಮೇಲೆ ಗುರುಗುಂಟಾದಿಂದ ಮಾವನೇ ಫೋನು ಮಾಡಿದ. ಹಿಂದೆ ಕುರಿಗಳ ಬ್ಯಾ ಬ್ಯಾ.

“ಅಳಿಯಂದ್ರ, ನಾ ಏನ್ ತಪ್ಪು ಮಾಡೀನ್ರಿ?”

“ನೀವಲ್ರಿ ಮಾವ, ಫೋನಿನಾಗಿನ ಆದಪ್ಪ.”

“ಅವನೂ ನಾನ ಅಲ್ಲೇನ್ರಿ? ನಮ್ಮ ಅಳಿಯನ ಟೀಮಿನಾಗ ನಾನ ಹುಲಿ ಅಂತ ಊರಿಗೆಲ್ಲ ಹೇಳೀನಿ. ಬದಲಿಗೆ ಯಾರನ್ನ ತಗೊಂಡ್ರಿ?”

“ಸಿದ್ದರಾಮೇಶ ಅಂತ... ಚೆಂಡು ಬಿಡ್ತಾನ.”

“ಕುರಿ ಕೊಡೋವಾಗನೂ ನಾವು ಎದುರಿನ ಕುರಿ ಹಲ್ಲು ನೋಡ್ತೀವ್ರಿ,” ಎಂದು ಮಾವ ಫೋನು ಇಟ್ಟ.

ಸಂಜೆ ಸಿಂಧನೂರು ಬಿಟ್ಟ ಬಸ್ಸಿನಲ್ಲಿ ಎಲ್ಲರ ತಲೆಯೂ ಫೋನಿನೊಳಗೆ. ಆರು ಗಂಟೆಗೆ ಆಟ ಶುರುವಾಯಿತು. ಶಂಶಾದ್‌ಬೀ ಗಟ್ಟಿಯಾಗಿ ಓದುತ್ತ ಹೋದರು. ಬೇಸ್‌ಬಾಲಿನ ಗಂಧವಿಲ್ಲದ ಇತರ ಪ್ರಯಾಣಿಕರೂ ಯಾವುದೋ ಚುನಾವಣೆಯ ಎಣಿಕೆ ಇರಬೇಕೆಂದು ಕಿವಿ ನಿಮಿರಿಸಿದರು.

ಆದಪ್ಪ ಜವಳಗೇರಾದ ಪರವಾಗಿ ಹುಲಿಯಂತೆ ಒಗೆದ. ಮುದಗಲ್ಲಿನವರು ಒಬ್ಬೊಬ್ಬರಾಗಿ ಔಟಾದರು. ಪಂಪಾಪತಿ ನೆಮ್ಮದಿಯಿಂದ ಉಸಿರು ಬಿಡುವಷ್ಟರಲ್ಲಿ ಶಂಶಾದ್‌ಬೀ ಚೀರಿದರು: “ಯಾ ಅಲ್ಲಾ! ಸಿದ್ದರಾಮೇಶ ಚೆಂಡನ್ನ ಮೈದಾನದ ಆಚಿಗೇ ಹೊಡದ! ಮುದಗಲ್ ಒಂದು ರನ್ ಮುಂದ!”

“ಏ ಸಿದ್ದರಾಮೇಶ, ನಿನ್ನ ಮನಿ ಹಾಳಾಗ!” ಎಂದು ಪಂಪಾಪತಿ ಸ್ವಂತ ಆಟಗಾರನನ್ನೇ ಬೈದ. ಎದುರಿನ ಸೀಟಿನಲ್ಲಿದ್ದ ನಿಜವಾದ ಸಿದ್ದರಾಮೇಶನೊಬ್ಬ ಎದ್ದು ನಿಂತು, “ನಾ ಏನ್ ಮಾಡೀನಲೇ?” ಎಂದು ತೋಳೇರಿಸಿದ. ಅವನನ್ನು ಸಮಾಧಾನ ಮಾಡಿ ಕೂರಿಸುವುದರಲ್ಲಿ ಜವಳಗೇರಾದ ಕೊನೆಯ ಸರದಿ ಬಂದಿತ್ತು. ಇಬ್ಬರು ಓಡಲು ಕಾದು ನಿಂತಿದ್ದರು. ಇನ್ನೊಬ್ಬ ಔಟಾದರೆ ಮುದಗಲ್ಲಿಗೆ ಗೆಲುವು, ದಾಖಲೆ.

“ಹೊಡದ... ಮ್ಯಾಲ ಹೋತು... ಸೀದಾ ಸಿದ್ದರಾಮೇಶನ ಕೈಗೆ...”

ಪಂಪಾಪತಿ ಕಣ್ಣು ಮುಚ್ಚಿಕೊಂಡ.

“ಬಿಟ್ಟ!”

ಕಾದು ನಿಂತಿದ್ದ ಇಬ್ಬರೂ ಓಡಿ ಮುಟ್ಟಿದರು, ಎರಡು ರನ್. ಜವಳಗೇರಾ ಗೆದ್ದಿತು. ಇಡೀ ಬಸ್ಸು ಎದ್ದು ನಿಂತು ಕೂಗಿತು. ಬಸ್ಸಪ್ಪ ಸರ್ “ಸಮತೋಲನ ಬಂತು, ಸಮತೋಲನ ಬಂತು!” ಎಂದು ಗುರುತಿಲ್ಲದವರನ್ನೆಲ್ಲ ತಬ್ಬಿಕೊಂಡರು. ಅಂಬಪ್ಪ ಸಾಹೇಬರ ಕಣ್ಣಲ್ಲಿ ನೀರು. ಅವರು ಪಂಪಾಪತಿಯ ಪಕ್ಕಕ್ಕೆ ಬಂದು ಕೂತು ಅವನ ಭುಜ ಹಿಡಿದರು.

“ಸಾಹೇಬ್ರ, ಲಿಂಗಸೂಗೂರು ವಿಷಯ...” ಎಂದ ಪಂಪಾಪತಿ ಮೆಲ್ಲಗೆ.

“ಅದನ್ನೇ ಹೇಳಾಕ ಬಂದೆ.” ಸಾಹೇಬರು ಚೀಲದಿಂದ ಕಾಗದವೊಂದನ್ನು ತೆಗೆದರು. ಅವನ ವರ್ಗದ ಆದೇಶ. ಕೆಳಗೆ ಸಾಹೇಬರ ಸಹಿ. ಪಂಪಾಪತಿಯ ಮೂಗಿಗೆ ಬಿಸಿ ರೊಟ್ಟಿಯ ವಾಸನೆ ಬಂದೇಬಿಟ್ಟಿತು.

“ನಿನ್ನೆನೇ ಸಹಿ ಮಾಡಿ ಇಟ್ಟಿದ್ದೆ. ಬಸ್ಸಪ್ಪ ಸರ್, ಶಂಶಾದ್‌ಬೀ ಎಲ್ಲಾರೂ ಕೂಡಿ ನನ್ನ ಮನಿತನಕ ಬಂದಿದ್ರು. ‘ಸಾಹೇಬ್ರ, ಇಂವ ಸೋಲೋ ಮನಷ್ಯಾ ಅಲ್ಲ, ಇವನ್ನ ಲಿಂಗಸೂಗೂರಿಗೆ ಹಾಕ್ರಿ, ಬಸ್ಸಿನಿಂದ ಇಳದ್ರ ಲೀಗಿನಿಂದಾನೂ ಇಳೀತಾನ, ನಮ್ಮ ಜೀವಕ್ಕ ನೆಮ್ಮದಿ’ ಅಂತ ಕೈ ಮುಗದ್ರು. ಸೀಸನ್ ಮುಗಿದ ಕೂಡ್ಲೆ ಕೊಡೋಣು ಅಂತ ಇಟ್ಕೊಂಡಿದ್ದೆ.”

ಅಷ್ಟು ಹೇಳಿ ಸಾಹೇಬರು ಕಾಗದವನ್ನು ಪ್ರೀತಿಯಿಂದ ಎರಡಾಗಿ ಹರಿದರು. ಆಮೇಲೆ ನಾಲ್ಕಾಗಿ.

“ಇನ್ನ ಆ ಚಿಂತಿ ಬಿಡು,” ಎಂದು ಬೆನ್ನು ಚಪ್ಪರಿಸಿ, ಮಸ್ಕಿ ಬಂದದ್ದರಿಂದ ಎದ್ದು ನಿಂತರು. “ನೀ ಲಿಂಗಸೂಗೂರಿನಾಗ ಹೋಗಿ ಕುಂತ್ರ ನಾ ಯಾರನ್ನ ಸೋಲಿಸ್ಲಿ?”